ಮಕ್ಕಳ ತಪಾಸಣೆ: ಯಂತ್ರ ಬರೆದರೆ ಸಾಕೆ?

ಶಿರಸಿ ಸೀಮೆಯ ತಾಯಿಯೊಬ್ಬಳು ವೈದ್ಯರೆದುರು ಕುಳಿತು 'ಜ್ವರ ಇಲ್ಲೆ' ಎಂದಳೆನ್ನಿ. ಹವ್ಯಕರ ಮನೆಮಾತು ಬಲ್ಲವರಿಗೆ ಇದರ ಅರ್ಥ ಸ್ಪಷ್ಟ: ಜ್ವರವಿಲ್ಲ. ಬಯಲುಸೀಮೆಯ ಕಿವಿಗೆ ಅದೇ 'ಇಲ್ಲೆ' ಎಂಬುದು 'ಇಲ್ಲಿಯೇ' ಎಂದು ಕೇಳಿಸಬಹುದು. 'ಕೂಸು' ಎಂದರೆ ಇಲ್ಲಿ ಹುಡುಗಿ, 'ಮಾಣಿ' ಎಂದರೆ ಹುಡುಗ; ಬೇರೆಡೆ ಮೊದಲನೆಯದು ಯಾವುದೇ ಹಸುಳೆ, ಎರಡನೆಯದು ಹೋಟೆಲಿನಲ್ಲಿ ತಿಂಡಿ ಬಡಿಸುವವನು. ಮನುಷ್ಯನಾದರೆ ಮರುಪ್ರಶ್ನೆ ಕೇಳಿ ಅನುಮಾನ ಬಗೆಹರಿಸಿಕೊಳ್ಳುತ್ತಾನೆ. ಯಂತ್ರ ಏನು ಮಾಡೀತು?

ಪ್ರಶ್ನೆ ಕಾಲ್ಪನಿಕವೇನಲ್ಲ. ವೈದ್ಯರು ಮತ್ತು ರೋಗಿಯ ಮಾತುಕತೆಯನ್ನು ಆಲಿಸಿ, ತಪಾಸಣೆಯ ವರದಿಯನ್ನು ತಾನೇ ಸಿದ್ಧಪಡಿಸುವ ತಂತ್ರಾಂಶಗಳು ಅಮೆರಿಕೆಯ ಆಸ್ಪತ್ರೆಗಳಲ್ಲಿ ಈಗಾಗಲೇ ಬಳಕೆಯಲ್ಲಿವೆ. ನಮ್ಮಲ್ಲಿಯೂ ಭಾರತೀಯ ಭಾಷೆಗಳ ಮಾತನ್ನು ಬರಹಕ್ಕಿಳಿಸಲು ಕೇಂದ್ರ ಸರಕಾರ 2022ರಲ್ಲಿ 'ಭಾಷಿಣಿ' ಯೋಜನೆಗೆ ಚಾಲನೆ ನೀಡಿದೆ. ಈ ತಂತ್ರಾಂಶ ಸರಕಾರಿ ಮಕ್ಕಳ ತಪಾಸಣೆಯ ಬಾಗಿಲಿಗೂ ಬರುವ ದಿನ ದೂರವಿಲ್ಲ. ಬಂದಮೇಲೆ ಗೊಣಗುವುದಕ್ಕಿಂತ ಬರುವ ಮುನ್ನವೇ ಯೋಚಿಸುವುದು ಲೇಸು.

ಬರವಣಿಗೆಯ ಹೊರೆ ನಿಜವೆಂಬುದರಲ್ಲಿ ಎರಡು ಮಾತಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸಂಚಾರಿ ತಂಡವು ಅಂಗನವಾಡಿಗೆ ವರ್ಷಕ್ಕೆ ಎರಡು ಬಾರಿ, ಶಾಲೆಗೆ ಒಂದು ಬಾರಿ ಭೇಟಿ ನೀಡಬೇಕು. ಇಬ್ಬರು ಆಯುಷ್ ವೈದ್ಯರು, ಒಬ್ಬ ದಾದಿ, ಒಬ್ಬ ಔಷಧಿ ವಿತರಕ: ಇಷ್ಟೇ ತಂಡ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಲ್ಲಿ ಜನ್ಮಜಾತ ದೋಷ, ಪೌಷ್ಟಿಕಾಂಶದ ಕೊರತೆ, ಕಾಯಿಲೆ, ಬೆಳವಣಿಗೆಯ ವಿಳಂಬ ಎಂಬ ನಾಲ್ಕು ವರ್ಗಗಳಲ್ಲಿ ಸುಮಾರು 30 ತೊಂದರೆಗಳನ್ನು ಅದು ಹುಡುಕಬೇಕು, ಹುಡುಕಿದ್ದೆಲ್ಲವನ್ನೂ ಬರೆಯಬೇಕು. ಅತ್ತ ಅಂಗನವಾಡಿ ಕಾರ್ಯಕರ್ತೆಗೆ 2021ರಿಂದ 'ಪೋಷಣ್ ಟ್ರ್ಯಾಕರ್' ಇದೆ. 2025ರ ಜುಲೈಯಿಂದ ಮನೆಗೊಯ್ಯುವ ಆಹಾರ ಪಡೆಯಲು ಫಲಾನುಭವಿಯ ಮುಖಚಹರೆಯ ಗುರುತೂ ಕಡ್ಡಾಯವಾಯಿತು. ಮೊಬೈಲ್ ಸಂಕೇತಕ್ಕಾಗಿ ಗುಡ್ಡ ಹತ್ತುವ ಊರುಗಳಿರುವ ಜಿಲ್ಲೆಯಲ್ಲಿ ಇದರ ಪಾಡೇನೆಂದು ಬಿಡಿಸಿ ಹೇಳಬೇಕಿಲ್ಲ. ಬರೆಯುವ ಕೆಲಸ ಕಡಿಮೆಯಾದರೆ ಮಗುವನ್ನು ನೋಡುವ ಸಮಯ ಹೆಚ್ಚೀತು ಎಂಬ ವಾದದಲ್ಲಿ ಹುರುಳಿದೆ.

ಆದರೆ ಮುನ್ನೆಚ್ಚರಿಕೆಯ ತಪಾಸಣೆಯ ಸ್ವರೂಪವೇ ಬೇರೆ. ಕಾಯಿಲೆ ಬಿದ್ದ ಮಗುವಿಗೆ ಹೇಳಿಕೊಳ್ಳುವ ನೋವಿರುತ್ತದೆ. ಇಲ್ಲಿ ದೂರೇ ಇರುವುದಿಲ್ಲ. ಮಗು ಕರೆದಾಗ ತಿರುಗಿತೇ, ಎರಡು ಕಣ್ಣೂ ಒಂದೇ ಕಡೆ ನೋಡುತ್ತಿವೆಯೇ, ಎದೆಬಡಿತದಲ್ಲಿ ಅಸಹಜ ಸದ್ದಿದೆಯೇ, ಇವೆಲ್ಲ ಬಹುಪಾಲು ಮೌನದಲ್ಲಿಯೇ ನಡೆಯುವ ಪರೀಕ್ಷೆಗಳು. ಆಡದ ಮಾತನ್ನು ಯಂತ್ರ ಕೇಳಲಾರದು. ಖಾಲಿ ಉಳಿದ ಅಂಕಣದಲ್ಲಿ ಅದು 'ಸಹಜ' ಎಂದು ತುಂಬಿಬಿಟ್ಟರೆ, ನಡೆಯದ ಪರೀಕ್ಷೆ ನಡೆದಂತೆಯೇ ದಾಖಲಾಗುತ್ತದೆ.

ಈ ಭಯಕ್ಕೆ ಆಧಾರವಿದೆ. 'ವಿಸ್ಪರ್' ಎಂಬ ಪ್ರಸಿದ್ಧ ತಂತ್ರಾಂಶವನ್ನು ಅಮೆರಿಕೆಯ ಸಂಶೋಧಕರು ಪರೀಕ್ಷಿಸಿ 2024ರಲ್ಲಿ ವರದಿ ಪ್ರಕಟಿಸಿದರು. ಸುಮಾರು ಶೇ. 1ರಷ್ಟು ಧ್ವನಿತುಣುಕುಗಳಲ್ಲಿ ಯಾರೂ ಆಡದ ಮಾತನ್ನು ಅದು ಸೃಷ್ಟಿಸಿತ್ತು. ಮಾತಿನ ನಡುವೆ ಮೌನ ಹೆಚ್ಚಿದ್ದವರ ಧ್ವನಿಯಲ್ಲಿ ಈ ದೋಷವೂ ಹೆಚ್ಚಿತ್ತು. ಅದೂ ಇಂಗ್ಲಿಷಿನಲ್ಲಿ! ಹವ್ಯಕ ಕನ್ನಡ, ಯಲ್ಲಾಪುರದ ಸಿದ್ದಿಯರ ಕೊಂಕಣಿ, ಗೌಳಿಗರ ಮರಾಠಿ ಒಂದೇ ಅಂಗನವಾಡಿಯ ಸುತ್ತ ಕೇಳಿಬರುವ ನಾಡಿನಲ್ಲಿ ಎಡವಟ್ಟು ಅದಕ್ಕಿಂತ ಕಡಿಮೆಯಾದೀತೆಂದು ನಂಬುವುದು ಹೇಗೆ?

ತಪ್ಪು ದಾಖಲೆಯ ಬೆಲೆ ಇಲ್ಲಿ ದುಬಾರಿ. ಸುಸಜ್ಜಿತ ಆಸ್ಪತ್ರೆಗಾಗಿ ಉತ್ತರ ಕನ್ನಡದ ಜನ 2022ರಲ್ಲಿ ದೊಡ್ಡ ಅಭಿಯಾನವನ್ನೇ ನಡೆಸಿದ್ದರು. ಇಲ್ಲದ ದೋಷ ಬರೆದರೆ ಕೂಲಿ ಮಾಡುವ ಕುಟುಂಬವೊಂದು ಮಗುವನ್ನೆತ್ತಿಕೊಂಡು ನೂರು ಕಿಲೋಮೀಟರಿನಷ್ಟು ದೂರದ ಹುಬ್ಬಳ್ಳಿಗೆ ಅಲೆಯಬೇಕು. ಇದ್ದ ದೋಷ ಬಿಟ್ಟುಹೋದರೆ ಮುಂದಿನ ತಪಾಸಣೆಯವರೆಗೆ ಅದನ್ನು ಕೇಳುವವರಿಲ್ಲ. ಕಿವಿ ಕೇಳದ ಮಗುವಿಗೆ ಅಷ್ಟು ತಿಂಗಳುಗಳೆಂದರೆ ಮಾತು ಕಲಿಯುವ ಕಾಲವೇ ಕಳೆದಂತೆ. ರಾಜ್ಯದಲ್ಲಿ 5 ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರೆಂದು ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಇಂತಲ್ಲಿ ಒಂದೊಂದು ಅಳತೆಯೂ ನಂಬುವಂತಿರಬೇಕು.

ಕಾನೂನಿನ ಆಸರೆಯೂ ಪೂರ್ಣವಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು 18 ವರ್ಷದೊಳಗಿನವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಕೇಳುತ್ತದೆ. ಆದರೆ 2025ರ ನವೆಂಬರಿನಲ್ಲಿ ಹೊರಬಿದ್ದ ನಿಯಮಗಳು, ಮಗುವಿನ ಆರೋಗ್ಯ ರಕ್ಷಣೆಗೆ ಅಗತ್ಯವಿರುವಷ್ಟರ ಮಟ್ಟಿಗೆ ಚಿಕಿತ್ಸಾಲಯಗಳಿಗೆ ವಿನಾಯಿತಿ ನೀಡಿವೆ. ತಾಯಿಯ ದನಿಯ ಮುದ್ರಣವನ್ನು ಎಷ್ಟು ದಿನ ಇಡುವುದು, ಯಾರ ಬಳಿ ಇಡುವುದು ಎಂಬುದನ್ನು ಸರಕಾರ ಮೊದಲೇ ಲಿಖಿತವಾಗಿ ತಿಳಿಸಬೇಕು.

ಹಾಗೆಂದು ಯಂತ್ರವನ್ನು ಹೊಸ್ತಿಲಲ್ಲೇ ತಡೆಯಬೇಕಿಲ್ಲ. 'ಸಹಜ' ಮತ್ತು 'ನೋಡಿಲ್ಲ' ಎಂಬೆರಡನ್ನು ಅದು ಬೇರೆ ಬೇರೆಯಾಗಿ ದಾಖಲಿಸಲಿ. ವೈದ್ಯರು ಓದಿ ಒಪ್ಪದ ಹೊರತು ಯಾವ ವರದಿಯೂ ಅಂತಿಮವಾಗದಿರಲಿ. ಬರೆದದ್ದನ್ನು ತಾಯಿಗೆ ಅವಳ ಮಾತಿನಲ್ಲಿಯೇ ಓದಿ ಹೇಳಲಿ. ಮೊಬೈಲ್ ಸಂಕೇತವಿಲ್ಲದ ಊರಿನಲ್ಲೂ ನಡೆಯುತ್ತದೆಯೇ ಎಂದು ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿಯೇ ಪರೀಕ್ಷಿಸಲಿ. ಎಲ್ಲಕ್ಕಿಂತ ಮುಖ್ಯವಾಗಿ, ಉಳಿದ ಸಮಯವನ್ನು ಇನ್ನಷ್ಟು ಮಕ್ಕಳ ಗುರಿ ಹೇರಲು ಬಳಸದೆ, ಎದುರಿಗಿರುವ ಮಗುವಿಗೇ ಬಿಟ್ಟುಕೊಡಲಿ. ಅಷ್ಟಾಗದಿದ್ದರೆ ಕಡತ ತುಂಬೀತು, ತಪಾಸಣೆ ಮಾತ್ರ ಬಾಕಿಯೇ ಉಳಿದೀತು.