ಅಡ್ಮಿಷನ್ ಓಪನ್, ಬಾಕಿ ಎಲ್ಲ ಕ್ಲೋಸ್

ಜುಲೈ ತಿಂಗಳ ರಾತ್ರಿ ಹತ್ತು ಗಂಟೆಗೆ ಮಂಗಳೂರು, ಉಡುಪಿ ಕಡೆಯ ಮನೆಗಳಲ್ಲಿ ಏಳುವುದು ಒಂದೇ ಪ್ರಶ್ನೆ: ನಾಳೆ ಶಾಲೆ ಉಂಟೋ ಇಲ್ಲವೋ? ಮಳೆ ರಜೆ ಘೋಷಿಸುವವರು ಜಿಲ್ಲಾಧಿಕಾರಿ. ಅವರ ಆದೇಶ ಹೊರಬೀಳುವ ಮೊದಲೇ ಹಳೆಯದೊಂದು ಆದೇಶ ದಿನಾಂಕ ತಿದ್ದಿಸಿಕೊಂಡು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿರುತ್ತದೆ. ಸುಳ್ಳು ರಜೆಯನ್ನು ನಂಬಬೇಡಿ ಎಂದು ಜಿಲ್ಲಾಡಳಿತವೇ ಸ್ಪಷ್ಟನೆ ಕೊಡಬೇಕಾಗಿ ಬಂದದ್ದೂ ಇದೆ. ಆ ಹೊತ್ತಿನಲ್ಲಿ ಶಾಲೆಯ ಸ್ವಂತ ವೆಬ್‌ಸೈಟ್ ನೋಡೋಣ ಎಂದು ಯಾರಿಗೂ ಹೊಳೆಯುವುದಿಲ್ಲ. ಅಲ್ಲಿ ಸಿಗುವುದು ಎಂದೋ ನಡೆದ ವಾರ್ಷಿಕೋತ್ಸವದ ಫೋಟೊ, ಅಧ್ಯಕ್ಷರ ಸಂದೇಶ ಮತ್ತು ಮಿನುಗುವ ‘ಅಡ್ಮಿಷನ್ ಓಪನ್’ ಮಾತ್ರ ಎಂಬುದು ಎಲ್ಲರಿಗೂ ಗೊತ್ತು.

ಖಾಸಗಿ ಪ್ರಾಥಮಿಕ ಶಾಲೆಗಳ ಬಹುಪಾಲು ವೆಬ್‌ಸೈಟುಗಳು ಇನ್ನೂ ಸೇರದ ಮಕ್ಕಳ ತಂದೆ-ತಾಯಿಗಾಗಿ ಇರುವಂಥವು. ಮಗು ಸೇರಿ ಫೀಸು ಕಟ್ಟಿದ ಮೇಲೆ ಅವರು ಕ್ಲಾಸ್ ಗ್ರೂಪಿನ ಪ್ರಜೆಗಳು. ಪರೀಕ್ಷೆಯ ವೇಳಾಪಟ್ಟಿ, ಬಸ್ಸಿನ ಹೊಸ ಮಾರ್ಗ, ಶನಿವಾರದ ಸಮವಸ್ತ್ರ ಎಲ್ಲವೂ ‘ಗುಡ್ ಮಾರ್ನಿಂಗ್’ಗಳ ನಡುವೆ ಹುದುಗಿಹೋಗುತ್ತವೆ. ಇಷ್ಟಾಗಿ, ಮುಂದಿನ ವರ್ಷದ ಪ್ರವೇಶ ಅರ್ಜಿ ಮಾತ್ರ ಒಂದು ದಿನವೂ ತಡವಾಗದೆ ಸೈಟಿಗೆ ಏರುತ್ತದೆ. ಅಂದರೆ ಶಾಲೆಗೆ ಅಪ್‌ಡೇಟ್ ಮಾಡಲು ಬರುತ್ತದೆ!

ಹಳೆಯ ಮಾಹಿತಿಯಿಂದ ಕಿರಿಕಿರಿ ಮಾತ್ರವಾದರೆ ಸಹಿಸಿಕೊಳ್ಳಬಹುದಿತ್ತು. 2023ರ ಜನವರಿಯಲ್ಲಿ ಬೆಂಗಳೂರಿನ ಖಾಸಗಿ ಶಾಲೆಯೊಂದರ ಮುಂದೆ ಪೋಷಕರು ಪ್ರತಿಭಟನೆಗೆ ಇಳಿದರು. ಸಿಬಿಎಸ್‌ಇ ಶಾಲೆಯೆಂದು ನಂಬಿ ಮಕ್ಕಳನ್ನು ಸೇರಿಸಿದ್ದೆವು, ಮಂಡಳಿಯ ಮಾನ್ಯತೆಯೇ ಇಲ್ಲ ಎಂಬುದು ಅವರ ದೂರು. ಅದೇ ವರ್ಷದ ಡಿಸೆಂಬರ್ 1ರಂದು ನಗರದ ಹತ್ತಾರು ಶಾಲೆಗಳಿಗೆ ಬಾಂಬ್ ಬೆದರಿಕೆಯ ಇಮೇಲ್ ಬಂತು. ಅದು ಹುಸಿಯೆಂದು ತಿಳಿಯುವಷ್ಟರಲ್ಲಿ ಪೋಷಕರು ಗೇಟಿನ ಮುಂದೆ ಜಮಾಯಿಸಿದ್ದರು. ಮಗು ಎಲ್ಲಿದೆ, ಎಷ್ಟು ಹೊತ್ತಿಗೆ ಕರೆದೊಯ್ಯಬೇಕು ಎಂಬ ಎರಡು ಸಾಲು ಶಾಲೆಯ ಹೆಸರಿನಲ್ಲಿ, ಗಂಟೆ-ದಿನಾಂಕದ ಸಮೇತ, ಎಲ್ಲರೂ ನೋಡಬಲ್ಲ ಜಾಗದಲ್ಲಿ ಬೇಕಾಗುವುದು ಇಂಥ ಹೊತ್ತಿನಲ್ಲೇ.

ನಿಯಮ ಇಲ್ಲದಿಲ್ಲ. ತನ್ನ ಮಾನ್ಯತೆ ಪಡೆದ ಶಾಲೆಗಳು ಶುಲ್ಕದ ವಿವರ, ಕಟ್ಟಡ ಸುರಕ್ಷತೆ ಹಾಗೂ ಅಗ್ನಿ ಸುರಕ್ಷತೆಯ ಪ್ರಮಾಣಪತ್ರ, ನೀರು-ನೈರ್ಮಲ್ಯದ ಪ್ರಮಾಣಪತ್ರ, ಶಿಕ್ಷಕರ ಸಂಖ್ಯೆ, ವಾರ್ಷಿಕ ಕ್ಯಾಲೆಂಡರ್ ಇವನ್ನೆಲ್ಲ ವೆಬ್‌ಸೈಟಿನಲ್ಲಿ ಹಾಕಲೇಬೇಕೆಂದು ಸಿಬಿಎಸ್‌ಇ ವಿಧಿಸಿದೆ. ‘ಮ್ಯಾಂಡೇಟರಿ ಪಬ್ಲಿಕ್ ಡಿಸ್‌ಕ್ಲೋಷರ್’ ಎಂಬ ಕೊಂಡಿ ಹಲವು ಸೈಟುಗಳ ಅಡಿಭಾಗದಲ್ಲಿ ಸಣ್ಣಕ್ಷರದಲ್ಲಿ ಇದ್ದೇ ಇರುತ್ತದೆ. ಪೋಷಕರು ಅದನ್ನೊಮ್ಮೆ ಒತ್ತಿ, ಅಗ್ನಿ ಸುರಕ್ಷತಾ ಪತ್ರದ ಅವಧಿ ಎಂದಿಗೆ ಮುಗಿಯುತ್ತದೆಂದು ನೋಡಬೇಕು. ಮಾನ್ಯತೆಯ ಸಂಖ್ಯೆಯನ್ನು ಮಂಡಳಿಯ ‘ಸರಸ್’ ಪೋರ್ಟಲಿನಲ್ಲಿ ತಾಳೆ ನೋಡುವುದಕ್ಕೂ ಹೆಚ್ಚು ಹೊತ್ತು ಬೇಡ.

ಇಂಗ್ಲೆಂಡಿನಲ್ಲಿ ಇನ್ನೂ ಬಿಗಿ. ಸರ್ಕಾರಿ ಅನುದಾನದ ಪ್ರಾಥಮಿಕ ಶಾಲೆಗಳು ಬಡ ಮಕ್ಕಳಿಗಾಗಿ ಬಂದ ಹೆಚ್ಚುವರಿ ಹಣವನ್ನೂ ಕ್ರೀಡೆಗೆ ಬಂದ ಹಣವನ್ನೂ ಹೇಗೆ ಖರ್ಚು ಮಾಡಿದೆವೆಂದು ಆನ್‌ಲೈನ್‌ನಲ್ಲಿ ಪ್ರಕಟಿಸಬೇಕು. ಪಾಲಿಕೆ ಅಥವಾ ಸ್ಥಳೀಯ ಆಡಳಿತದ ಶಾಲೆಯಾದರೆ, ಪೋಷಕರು ಕೇಳಿದಾಗ ಅದೇ ಮಾಹಿತಿಯನ್ನು ಕಾಗದದಲ್ಲಿ ಪುಕ್ಕಟೆ ಕೊಡಬೇಕು.

ನಮ್ಮ ಸರ್ಕಾರಿ ಶಾಲೆಗಳಲ್ಲಿ ಹೆಚ್ಚಿನವಕ್ಕೆ ವೆಬ್‌ಸೈಟೇ ಇಲ್ಲ. ಆದರೂ ವಿಚಿತ್ರವೆಂದರೆ ಅವುಗಳ ಗುಟ್ಟು ಬಯಲಲ್ಲೇ ಇದೆ. ಪ್ರತಿ ಶಾಲೆಗೂ ಹನ್ನೊಂದು ಅಂಕಿಯ ಯುಡೈಸ್ ಸಂಖ್ಯೆ ಉಂಟು, ಕರ್ನಾಟಕದ್ದಾದರೆ 29ರಿಂದ ಶುರು. ಅದನ್ನು ಯುಡೈಸ್ ಪ್ಲಸ್ ಪೋರ್ಟಲಿನಲ್ಲಿ ಹಾಕಿದರೆ ಮಕ್ಕಳೆಷ್ಟು, ಶಿಕ್ಷಕರೆಷ್ಟು, ಶೌಚಾಲಯವೆಷ್ಟು ಎಂಬ ಲೆಕ್ಕ ಸಿಗುತ್ತದೆ. ವರ್ಷಕ್ಕೊಮ್ಮೆ ಶಾಲೆಯವರೇ ತುಂಬಿದ ಲೆಕ್ಕವದು, ಇಂಗ್ಲಿಷಿನಲ್ಲಿ. ಕೊಳಾಯಿಯಲ್ಲಿ ಇವತ್ತು ನೀರು ಬಂತೇ ಎಂಬುದನ್ನು ಅದು ಹೇಳದು.

ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಸರ್ಕಾರಿ ಶಾಲೆಯ ಸಮಿತಿಯಲ್ಲಿ (ನಮ್ಮಲ್ಲಿ ಅದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಎಸ್‌ಡಿಎಂಸಿ) ಮುಕ್ಕಾಲು ಪಾಲು ತಂದೆ-ತಾಯಂದಿರೇ ಇರಬೇಕು, ಅನುದಾನದ ಬಳಕೆಯ ಮೇಲೆ ಕಣ್ಣಿಡುವುದೂ ಅವರ ಕೆಲಸ. ಎಸ್‌ಡಿಎಂಸಿ ಸಭೆಯಲ್ಲಿ ಆ ಯುಡೈಸ್ ಹಾಳೆಯನ್ನು ಮುದ್ರಿಸಿ ತಂದು, ಕನ್ನಡದಲ್ಲಿ ಓದಿಸಿ, ತಪ್ಪಿದ್ದಲ್ಲಿ ಮುಂದಿನ ಸಲ ತುಂಬುವ ಮೊದಲು ತಿದ್ದಿ ಎಂದು ಮುಖ್ಯ ಶಿಕ್ಷಕರಿಗೆ ಹೇಳಲು ಅವರಿಗೆ ಯಾವ ವೆಬ್ ಡಿಸೈನರೂ ಬೇಕಾಗಿಲ್ಲ.