ಹಲಗೆ ಹಾಕಿದ್ರೆ ಕೆಲಸ ಕಡಿಮೆ ಆಗ್ತದಾ?

ದೇವದುರ್ಗ, ಮಾನ್ವಿ ಕಡೆಯಿಂದ ರಾಯಚೂರಿಗೆ ಬರೋ ಭತ್ತದ ಚೀಲಗಳನ್ನ ನಾವೆಲ್ಲ ನೋಡೀವಿ. ಆದರೂ ಇಳಿಜಾರಿನ ಲೆಕ್ಕ ಬಂದ್ರೆ ಪುಸ್ತಕದ ‘ಬ್ಲಾಕ್’ ಹಿಡಕೊಂಡು ಸೂತ್ರ ಬಾಯಿಪಾಠ ಮಾಡ್ತೀವಿ. ಚೀಲದ ಮೇಲೇ ಲೆಕ್ಕ ಹಾಕಿ ನೋಡೋಣ.

50 ಕೆಜಿ ಚೀಲ, 1.2 ಮೀಟರ್ ಎತ್ತರದ ಲಾರಿ, 3 ಮೀಟರ್ ಹಲಗೆ ಅನ್ನೋಣ. ನಿಧಾನಕ್ಕೆ ನೇರ ಎತ್ತಿದರೆ 490 ನ್ಯೂಟನ್ ಬಲ ಬೇಕು. ಘರ್ಷಣೆ ಇಲ್ಲದ ಹಲಗೆ ಮೇಲೆ ಎಳೆದರೆ 196 ಸಾಕು. ಕೆಲಸ ಮಾತ್ರ ಎರಡರಲ್ಲೂ 588 ಜೂಲ್. ಘರ್ಷಣಾ ಗುಣಾಂಕ 0.3 ಇದ್ದರೆ ಮತ್ತೆ ಸುಮಾರು 404 ಜೂಲ್ ಹೆಚ್ಚು ಬೇಕು. ಹಲಗೆಯ ಅಭಿಲಂಬ ಬಲದ ಕೆಲಸ ಸೊನ್ನೆ.

ಚೀಲ ಹೊತ್ತು ಸಮತಟ್ಟು ನೆಲದ ಮೇಲೆ ನಡೆದರೆ ಗುರುತ್ವದ ಕೆಲಸವೂ ಸೊನ್ನೆ. ಆದರೆ ಹಮಾಲರ ಸ್ನಾಯುಗಳು ಶಕ್ತಿ ಖರ್ಚು ಮಾಡ್ತಾನೇ ಇರ್ತಾವ. ಅದಕ್ಕೇ ‘ಕೆಲಸ ಎಷ್ಟು’ ಅಂತ ಕೇಳೋ ಮೊದಲು ‘ಯಾವ ಬಲದ ಕೆಲಸ’ ಅಂತ ಕೇಳೋದನ್ನ ನಾವು ಕಲೀಬೇಕು.