ತುಂಬಿಸಿಯೂ ಇಡಬೇಡಿ, ಬರಿದಾಗಲೂ ಬಿಡಬೇಡಿ

ಧಾರವಾಡದ ನಮ್ಮ ಆಪ್ತ ಕುಟುಂಬವೊಂದು ಎರಡು ವರ್ಷಗಳ ಹಿಂದೆ ವಿದ್ಯುತ್ ಕಾರೊಂದನ್ನು ಕೊಂಡಿತು. ಮಗ ನಿತ್ಯವೂ ಹುಬ್ಬಳ್ಳಿಯ ಕೆಲಸಕ್ಕೆ ಅದರಲ್ಲಿಯೇ ಹೋಗಿಬರುತ್ತಾನೆ. ಪೆಟ್ರೋಲಿನ ವೆಚ್ಚ ತಪ್ಪಿತೆಂಬ ಸಂತೋಷ ಮನೆಯಲ್ಲಿದ್ದರೂ ಬ್ಯಾಟರಿಯ ವಿಷಯದಲ್ಲಿ ತಂದೆ-ಮಗನಿಗೆ ಒಮ್ಮತವಿರಲಿಲ್ಲ. ‘ಅದು ಸದಾ ತುಂಬಿರಬೇಕು’ ಎಂಬುದು ಯಜಮಾನರ ಅಭಿಪ್ರಾಯ. ‘ಪೂರ್ತಿ ಬರಿದಾದ ಮೇಲೆಯೇ ತುಂಬಬೇಕು, ಇಲ್ಲವಾದರೆ ಅದರ ಆಯುಷ್ಯ ಕುಂದುತ್ತದೆ’ ಎಂಬುದು ಮಗನ ವಾದ. ಕಾರು ನಡೆಸುವವನು ಅವನಾದ್ದರಿಂದ ಅವನ ಮಾತೇ ನಡೆಯಿತು.

ಕಳೆದ ಶ್ರಾವಣದ ಒಂದು ರಾತ್ರಿ ಆ ಮನೆಯ ಹಿರಿಯ ತಾಯಿಗೆ ಎದೆನೋವು ಕಾಣಿಸಿಕೊಂಡಿತು. ನಾವು ಅಂದು ಅಲ್ಲಿಯೇ ತಂಗಿದ್ದೆವು. ಸುಮಾರು 20 ಕಿಲೋಮೀಟರು ದೂರದ ಹುಬ್ಬಳ್ಳಿಯ ಆಸ್ಪತ್ರೆಗೆ ಒಯ್ಯಬೇಕೆಂದು ಕಾರಿನ ಬಳಿ ಹೋದರೆ ಬ್ಯಾಟರಿಯಲ್ಲಿ ಉಳಿದಿದ್ದುದು ಶೇಕಡಾ 6 ಮಾತ್ರ. ನೆರೆಯವರ ಬಾಗಿಲು ತಟ್ಟಿ, ಅವರನ್ನು ಎಬ್ಬಿಸಿ, ಅವರ ವಾಹನದಲ್ಲಿ ಹೊರಡುವಷ್ಟರಲ್ಲಿ ಅರ್ಧ ಗಂಟೆ ಕಳೆದಿತ್ತು. ತಾಯಿ ಗುಣಮುಖರಾದರು. ಆದರೆ ಆ ಅರ್ಧ ಗಂಟೆಯನ್ನು ಮನೆಯವರಾರೂ ಮರೆತಿಲ್ಲ; ನಾವೂ ಮರೆತಿಲ್ಲ.

ವಿಚಾರಿಸಿ ನೋಡಿದರೆ ಇಬ್ಬರ ಮಾತಿಗೂ ಆಧಾರವಿತ್ತು. ಆದರೆ ಅದು ಬೇರೆ ಬ್ಯಾಟರಿಗಳಿಗೆ ಸಲ್ಲುವ ಆಧಾರ. ಟ್ರ್ಯಾಕ್ಟರಿನಲ್ಲಿಯೂ ಮನೆಯ ಇನ್ವರ್ಟರಿನಲ್ಲಿಯೂ ಯಜಮಾನರು ಕಂಡಿದ್ದುದು ಸೀಸ ಮತ್ತು ಆಮ್ಲದ ಬ್ಯಾಟರಿ. 1859ರಲ್ಲಿ ಫ್ರಾನ್ಸಿನ ಪ್ಲಾಂಟೆ ರೂಪಿಸಿದ ಈ ಬಗೆಯನ್ನು ಬರಿದಾಗಿ ಬಿಟ್ಟರೆ ಫಲಕಗಳ ಮೇಲೆ ಸಲ್ಫೇಟು ಗಟ್ಟಿಯಾಗಿ ಕೂಡುತ್ತದೆ. ಆದುದರಿಂದ ಅದನ್ನು ತುಂಬಿಯೇ ಇಡಬೇಕು. 2001ರಲ್ಲಿ ಬೆಂಗಳೂರಿನಿಂದ ಹೊರಬಂದ ರೇವಾ ಕಾರಿನಲ್ಲಿದ್ದುದೂ ಇದೇ ಬಗೆ. ಮಗ ಕೇಳಿದ್ದ ಮಾತು ಹಳೆಯ ಫೋನುಗಳ ನಿಕ್ಕಲ್ ಬ್ಯಾಟರಿಗೆ ಸೇರಿದ್ದು. ಇಂದಿನ ಕಾರುಗಳಲ್ಲಿರುವುದು 1991ರಲ್ಲಿ ಜಪಾನಿನ ಸೋನಿ ಸಂಸ್ಥೆ ಮೊದಲಿಗೆ ಮಾರುಕಟ್ಟೆಗೆ ತಂದ ಲಿಥಿಯಂ ಬಗೆ. ಇದರ ಸ್ವಭಾವವೇ ಬೇರೆ. ಪೂರ್ತಿ ತುಂಬಿ ದಿನಗಟ್ಟಲೆ ನಿಲ್ಲಿಸಿದರೆ, ಅದರಲ್ಲಿಯೂ ಬಿಸಿಲಿನಲ್ಲಿ ನಿಲ್ಲಿಸಿದರೆ, ಒಳಗಿನ ಸವೆತ ಹೆಚ್ಚುತ್ತದೆ. ಬರಿದಾಗಿ ಬಹುಕಾಲ ಬಿಟ್ಟರೂ ಹಾನಿಯೇ.

ಆದ್ದರಿಂದ ನಿತ್ಯದ ಬಳಕೆಯಲ್ಲಿ ಶೇಕಡಾ 20ಕ್ಕಿಂತ ಕೆಳಗಿಳಿಯದಂತೆ, 80ನ್ನು ಹೆಚ್ಚು ಮೀರದಂತೆ ನೋಡಿಕೊಳ್ಳುವುದು ಹಿತ. ಕಬ್ಬಿಣದ ಫಾಸ್ಫೇಟ್ ಬಳಸಿದ ಲಿಥಿಯಂ ಬ್ಯಾಟರಿಯನ್ನು ಮಾತ್ರ ಆಗಾಗ ಪೂರ್ತಿ ತುಂಬಬೇಕು. ಇಲ್ಲವಾದರೆ ಉಳಿದಿರುವ ಶಕ್ತಿಯ ಲೆಕ್ಕವು ಕಾರಿಗೇ ತಪ್ಪುತ್ತದೆ. ನಿಮ್ಮ ಕಾರಿನದು ಯಾವ ಬಗೆಯೆಂಬುದನ್ನು ಅದರೊಂದಿಗೆ ಬಂದ ಕೈಪಿಡಿಯಲ್ಲಿ ನೋಡಿ, ಅದು ಹೇಳಿದಂತೆ ನಡೆಯಿರಿ.

ಹುಬ್ಬಳ್ಳಿಗೆ ಹೋಗಿಬರುವ 40 ಕಿಲೋಮೀಟರಿಗೆ ತಗಲುವುದು ಸುಮಾರು 6 ಯೂನಿಟ್. ಮನೆಯ 16 ಆಂಪಿಯರ್ ಸಾಕೆಟ್ಟಿನಿಂದ ಎರಡು-ಎರಡೂವರೆ ಗಂಟೆಗಳಲ್ಲಿ ಅಷ್ಟು ತುಂಬುತ್ತದೆ. ಬಿಸಿಲಿನಲ್ಲಿ ಓಡಿಬಂದ ಕಾರನ್ನು ಸ್ವಲ್ಪ ಹೊತ್ತು ನೆರಳಿನಲ್ಲಿ ತಣಿಯಲು ಬಿಟ್ಟು, ರಾತ್ರಿ ಪ್ಲಗ್ ಹಾಕುವುದು ಲೇಸು. ಶೀಘ್ರ ಚಾರ್ಜಿಂಗ್ ದೂರದ ಪ್ರಯಾಣಕ್ಕಿರಲಿ. ತಿಂಗಳುಗಟ್ಟಲೆ ಊರು ಬಿಡುವುದಿದ್ದರೆ ಅರ್ಧದಷ್ಟು ತುಂಬಿ ನಿಲ್ಲಿಸಿ. ಕಾರಿನಲ್ಲಿ 12 ವೋಲ್ಟಿನ ಚಿಕ್ಕ ಬ್ಯಾಟರಿಯೂ ಇರುತ್ತದೆ. ಅದು ಸತ್ತರೆ ದೊಡ್ಡದು ತುಂಬಿದ್ದರೂ ಕಾರು ಚಾಲೂ ಆಗದು.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇವೆ. ನಮ್ಮ ಹಳೆಯ ಮನೆಗಳ ವೈರಿಂಗು ದೀಪ, ಫ್ಯಾನುಗಳಿಗಾಗಿ ಎಳೆದುದು. ಗಂಟೆಗಟ್ಟಲೆ ಎಳೆಯುವ ಈ ಭಾರಕ್ಕೆ ಅದು ಬಿಸಿಯಾಗಿ ಕರಗಬಹುದು. ಎಕ್ಸ್‌ಟೆನ್ಶನ್ ವೈರು ಎಂದಿಗೂ ಬೇಡ. ಮೀಟರಿನ ಬಳಿಯಿಂದ ಕಾರಿಗೆಂದೇ ಪ್ರತ್ಯೇಕ ದಪ್ಪ ತಂತಿ ಎಳೆಸಿ, ಅರ್ಥಿಂಗ್ ಸರಿಯಿದೆಯೇ ಎಂದು ಬಲ್ಲವರಿಂದ ಪರೀಕ್ಷಿಸಿಕೊಳ್ಳಿರಿ. ಬೇಸಿಗೆಯಲ್ಲಿ ನೆಲ ಒಣಗಿದಾಗ ಅರ್ಥಿಂಗ್ ದುರ್ಬಲವಾಗುವುದುಂಟು. ಆಗ ಅದರ ಗುಂಡಿಗೆ ನೀರು ಹಾಕಿಸಬೇಕು.

ಆ ಮನೆಯಲ್ಲಿ ಈಗ ಒಂದು ನೇಮ ಬಂದಿದೆ: ಸಂಜೆ ಕಾರು ಬಂದಾಗ ಎಷ್ಟೇ ಉಳಿದಿರಲಿ, ಮಲಗುವ ಮುನ್ನ ಅದು ಅರ್ಧಕ್ಕಿಂತ ಮೇಲಿರಬೇಕು. ಬ್ಯಾಟರಿಗೆ ಅದು ಹಿತ. ಮನೆಯ ಹಿರಿಯರಿಗೂ ಮಕ್ಕಳಿಗೂ ರಾತ್ರಿಯ ಆಪತ್ತಿನಲ್ಲಿ ಅದೇ ಆಸರೆ. ಈ ವಾಹನವಿರುವ ಶರಣಬಂಧುಗಳು ಇಂದು ರಾತ್ರಿಯೇ ಒಮ್ಮೆ ಎದ್ದು ಹೋಗಿ ನೋಡಲಿ, ಅದರಲ್ಲಿ ಎಷ್ಟು ಉಳಿದಿದೆಯೆಂದು.